ಕಂತುಗಳಲ್ಲಿ ಬಂದ ಸ್ವಾತಂತ್ರ್ಯ: ಗುರುಗುಂಟಾ ಸಂಸ್ಥಾನ ಮತ್ತು ಆಫ್ರಿಕದ ನವರಾಷ್ಟ್ರಗಳು

ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಗುರುಗುಂಟಾ ಇಂದು ಎರಡು ಕಾರಣಗಳಿಂದ ಜನರ ನೆನಪಿನಲ್ಲಿದೆ. ಒಂದು, ಅಮರೇಶ್ವರ ಜಾತ್ರೆ. ಇನ್ನೊಂದು, ಸಮೀಪದಲ್ಲಿರುವ ಹಟ್ಟಿಯ ಚಿನ್ನದ ಗಣಿ. ಆದರೆ ಇಪ್ಪತ್ತನೆಯ ಶತಮಾನದ ಮಧ್ಯಭಾಗದವರೆಗೆ ಈ ಊರಿಗೆ ಮೂರನೆಯ ಗುರುತೊಂದಿತ್ತು. ಹೈದರಾಬಾದ್ ನಿಜಾಮರ ಅಧೀನದಲ್ಲಿದ್ದ ಕಪ್ಪಕಾಣಿಕೆಯ ಸಂಸ್ಥಾನಗಳಲ್ಲಿ ಇದೂ ಒಂದಾಗಿತ್ತು. ಗದ್ವಾಲ, ವನಪರ್ತಿ, ಜಟಪ್ರೋಲು, ಅಮರಚಿಂತ, ಪಾಲ್ವಂಚ, ಆನೆಗೊಂದಿ ಮೊದಲಾದ ಸಂಸ್ಥಾನಗಳ ಸಾಲಿನಲ್ಲಿ ಆಂಗ್ಲ ದಾಖಲೆಗಳು ಇದನ್ನು ‘ಗುರ್ಗುಂಟಾ’ ಎಂದು ಹೆಸರಿಸುತ್ತವೆ. ಸುರಪುರದ ಅರಸರಂತೆ ಗುರುಗುಂಟೆಯ ಅರಸುಮನೆತನವೂ ಬೇಡ ನಾಯಕ ಮೂಲದ್ದು. ವಿಜಯನಗರದ ಪತನಾನಂತರ ಕೃಷ್ಣಾ-ತುಂಗಭದ್ರಾ ದೋಆಬಿನಲ್ಲಿ ತಲೆಯೆತ್ತಿದ ನಾಯಕ ಪಾಳೆಯಪಟ್ಟುಗಳ ಪರಂಪರೆಗೆ ಅದು ಸೇರಿದೆ.

ಇಂತಹ ಒಂದು ಸಣ್ಣ ಸಂಸ್ಥಾನವನ್ನು ಆಫ್ರಿಕದ ಸ್ವಾತಂತ್ರ್ಯ ಚಳವಳಿಗಳ ಜೊತೆಗಿಟ್ಟು ನೋಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಬಹುದು. ವಸಾಹತು ಆಳ್ವಿಕೆ ಕೊನೆಗೊಂಡದ್ದು ಯಾವಾಗ ಎಂಬ ಪ್ರಶ್ನೆಗೆ ರಾಜಧಾನಿಗಳಲ್ಲಿ ಸಿಗುವ ಉತ್ತರವೇ ಬೇರೆ, ಗ್ರಾಮಗಳಲ್ಲಿ ಸಿಗುವ ಉತ್ತರವೇ ಬೇರೆ. ದೆಹಲಿಗೆ ಅದು 1947ರ ಆಗಸ್ಟ್ 15. ಹೈದರಾಬಾದ್ ನಗರಕ್ಕೆ 1948ರ ಸೆಪ್ಟೆಂಬರ್ 17. ಗುರುಗುಂಟೆಯ ರೈತನಿಗೆ ಇವೆರಡೂ ಅಲ್ಲ. ಅವನು ಕಂದಾಯ ಸಲ್ಲಿಸುತ್ತಿದ್ದ ಕಚೇರಿ ಬದಲಾದದ್ದು 1949ರಲ್ಲಿ. ಅವನ ಭಾಷೆ ಸರ್ಕಾರದ ಭಾಷೆಯಾಗಲು ಇನ್ನೂ ಏಳು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು. ಘಾನಾ, ಗಿನಿ, ಉಗಾಂಡ, ಟಾಂಗನೀಕ ಮುಂತಾದ ದೇಶಗಳಲ್ಲಿಯೂ ಸ್ವಾತಂತ್ರ್ಯ ಹೀಗೆಯೇ ಹಲವು ಕಂತುಗಳಲ್ಲಿ ಬಂದಿತು. ಆದರೆ ಕಂತುಗಳು ಬಂದ ಅನುಕ್ರಮ ಬೇರೆ ಬೇರೆಯಾಗಿತ್ತು. ಆಯಾ ನಾಡಿನ ರಾಷ್ಟ್ರನಿರ್ಮಾಣದ ಗತಿಯನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಈ ಅನುಕ್ರಮವೇ.

ಇವೆರಡು ಭೂಭಾಗಗಳನ್ನು ಬೆಸೆಯುವ ಎಳೆ ‘ಪರೋಕ್ಷ ಆಳ್ವಿಕೆ’ ಎಂಬ ಆಡಳಿತ ಪದ್ಧತಿ. ಸ್ಥಳೀಯ ಅರಸನನ್ನು ಪೀಠದಲ್ಲಿ ಉಳಿಸಿ, ಅವನ ಪಕ್ಕದಲ್ಲಿ ಒಬ್ಬ ರೆಸಿಡೆಂಟನನ್ನು ಕೂರಿಸಿ, ಸೈನ್ಯ ಮತ್ತು ಪರರಾಜ್ಯ ಸಂಬಂಧಗಳನ್ನು ತಮ್ಮ ಕೈಯಲ್ಲಿಟ್ಟುಕೊಳ್ಳುವ ಈ ಉಪಾಯವನ್ನು ಆಂಗ್ಲರು ಮೊದಲು ವ್ಯಾಪಕವಾಗಿ ರೂಢಿಸಿಕೊಂಡದ್ದು ಭಾರತದ ದೇಶೀಯ ಸಂಸ್ಥಾನಗಳಲ್ಲಿ. 1798ರ ಸಹಾಯಕ ಸೈನ್ಯ ಒಪ್ಪಂದದ ನಂತರದ ಹೈದರಾಬಾದ್ ಇದರ ಪ್ರಮುಖ ನಿದರ್ಶನ. ಆಫ್ರಿಕದಲ್ಲಿ ಇದನ್ನು ಸಿದ್ಧಾಂತವಾಗಿ ರೂಪಿಸಿದವನು ಫ್ರೆಡರಿಕ್ ಲುಗಾರ್ಡ್. 1858ರಲ್ಲಿ ಮದರಾಸಿನಲ್ಲಿ ಹುಟ್ಟಿ, ಭಾರತದಲ್ಲಿ ಸೈನಿಕ ಸೇವೆ ಸಲ್ಲಿಸಿದ್ದ ಈತ 1900ರಿಂದ 1906ರವರೆಗೆ ಉತ್ತರ ನೈಜೀರಿಯದ ಹೈಕಮಿಷನರನಾಗಿದ್ದನು. 1903ರಲ್ಲಿ ಸೊಕೊಟೊ ಪತನವಾದ ಮೇಲೆ ಅಲ್ಲಿನ ಎಮೀರ ಪದವಿಯನ್ನು ರದ್ದುಪಡಿಸದೆ ತನ್ನ ಆಡಳಿತದ ಅಂಗವಾಗಿಸಿಕೊಂಡನು. ಲುಗಾರ್ಡ್ ಹುಟ್ಟಿದ ವರ್ಷವೇ ಸುರಪುರದ ವೆಂಕಟಪ್ಪ ನಾಯಕನ ಬಂಡಾಯ ಅಡಗಿಸಲ್ಪಟ್ಟಿತು ಎಂಬುದು ಕೇವಲ ಕಾಕತಾಳೀಯ. ಆದರೆ ಆ ಸುರಪುರದಲ್ಲಿಯೇ, ಬಾಲಕ ವೆಂಕಟಪ್ಪ ನಾಯಕನ ಪರವಾಗಿ 1853ರವರೆಗೆ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಮುಂದೆ ಆಫ್ರಿಕದ ರೆಸಿಡೆಂಟರು ಮಾಡಬೇಕಾಗಿದ್ದ ಕೆಲಸವನ್ನು ಅರ್ಧಶತಮಾನ ಮೊದಲೇ ಮಾಡಿದ್ದನು ಎಂಬುದು ಕಾಕತಾಳೀಯವಲ್ಲ.

ಗುರುಗುಂಟೆಯಲ್ಲಿ ಈ ಪರೋಕ್ಷತೆ ಎರಡು ಮಡಿಯಾಗಿತ್ತು. ಆಂಗ್ಲರು ನಿಜಾಮನ ಮೂಲಕ ಆಳಿದರು; ನಿಜಾಮ ಸಂಸ್ಥಾನಿಕನ ಮೂಲಕ ಆಳಿದನು. ಸಂಸ್ಥಾನಿಕ ವರ್ಷಕ್ಕೊಮ್ಮೆ ಹೈದರಾಬಾದಿಗೆ ಪೇಷ್ಕಶ್ ಸಲ್ಲಿಸಬೇಕಾಗಿತ್ತು. ಉತ್ತರಾಧಿಕಾರಕ್ಕೆ ನಿಜಾಮನ ಮಂಜೂರಾತಿ ಬೇಕಾಗಿತ್ತು. ವಾರಸುದಾರ ಅಪ್ರಾಪ್ತನಾಗಿದ್ದರೆ ಸಂಸ್ಥಾನ ಕೋರ್ಟ್ ಆಫ್ ವಾರ್ಡ್ಸ್‌ನ ವಶಕ್ಕೆ ಹೋಗಬಹುದಾಗಿತ್ತು. ಉಳಿದಂತೆ ಊರಿನೊಳಗೆ ಕಂದಾಯ, ಕಾವಲು, ಪಂಚಾಯಿತಿಗಳಲ್ಲಿ ಅರಮನೆಯ ಮಾತೇ ನಡೆಯುತ್ತಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಲುಗಾರ್ಡನ ಆಫ್ರಿಕದಲ್ಲಿ ಎಷ್ಟೋ ಕಡೆ ‘ಮುಖಂಡ’ ಎಂಬ ಸ್ಥಾನವನ್ನು ವಸಾಹತು ಸರ್ಕಾರವೇ ಸೃಷ್ಟಿಸಿತು. ಆಗ್ನೇಯ ನೈಜೀರಿಯದ ಇಗ್ಬೊ ಜನರ ನಡುವೆ ನೇಮಕಗೊಂಡ ‘ವಾರಂಟ್ ಮುಖಂಡರು’ ಇದಕ್ಕೆ ಉದಾಹರಣೆ. ಅವರ ವಿರುದ್ಧವೇ 1929ರಲ್ಲಿ ಅಲ್ಲಿನ ಮಹಿಳೆಯರು ದಂಗೆಯೆದ್ದರು. ಗುರುಗುಂಟೆಯ ಅರಸುತನ ಹಾಗೆ ಸೃಷ್ಟಿಸಲ್ಪಟ್ಟದ್ದಲ್ಲ. ಅದಕ್ಕೆ ನೆಲದ ಬೇರಿತ್ತು, ದೇವಸ್ಥಾನದ ಸಂಬಂಧವಿತ್ತು, ಬಂಟತನದ ನೆನಪಿತ್ತು. ಬೆಂಜಮಿನ್ ಕೋಹೆನ್ ಅವರು ದಖ್ಖನಿನ ಸಂಸ್ಥಾನಗಳ ಕುರಿತ ತಮ್ಮ ಅಧ್ಯಯನದಲ್ಲಿ ಈ ಹಳೆಯ ಅರಸುತನ ವಸಾಹತು ಕಾಲದಲ್ಲಿಯೂ ತನ್ನ ಗೌರವವನ್ನು ಉಳಿಸಿಕೊಂಡ ಬಗೆಯನ್ನು ವಿವರಿಸಿದ್ದಾರೆ. ಆದರೆ ಗೌರವ ಅರಸನದಾಗಿದ್ದರೆ, ಭಾರ ರೈತನದಾಗಿತ್ತು ಎಂಬುದನ್ನು ಮರೆಯುವಂತಿಲ್ಲ.

ಉಗಾಂಡ ಮೂಲದ ಚಿಂತಕ ಮಹಮೂದ್ ಮಮ್ದಾನಿ 1996ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ವಸಾಹತು ಆಫ್ರಿಕದ ಪಟ್ಟಣವಾಸಿಗಳಲ್ಲಿ ಕೆಲವರು ನಾಗರಿಕರಾಗಿದ್ದರು, ಹಳ್ಳಿಗರು ಪ್ರಜೆಗಳಾಗಿ ಮಾತ್ರ ಉಳಿದರು ಎಂದು ವಾದಿಸಿದ್ದಾರೆ. ಮುಖಂಡನ ಕೈಯಲ್ಲಿ ಕಂದಾಯ, ನ್ಯಾಯ, ದುಡಿಮೆಯ ಹುಕುಂ ಮೂರೂ ಒಂದೇ ಮುಷ್ಟಿಯಲ್ಲಿದ್ದವು ಎಂಬುದು ಅವರ ವಾದದ ತಿರುಳು. ಹೈದರಾಬಾದ್ ಸಂಸ್ಥಾನದ ಜಾಗೀರು, ಸಂಸ್ಥಾನ, ಮಕ್ತಾ ಗ್ರಾಮಗಳ ಮಟ್ಟಿಗೆ ಈ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಬಿಟ್ಟಿ ಅಥವಾ ವೆಟ್ಟಿ ಎಂದು ಕರೆಯಲಾಗುತ್ತಿದ್ದ ಕೂಲಿಯಿಲ್ಲದ ದುಡಿಮೆ ಈ ಪ್ರದೇಶದಲ್ಲಿ ಆಳವಾಗಿ ಬೇರುಬಿಟ್ಟಿತ್ತು. ಫ್ರೆಂಚ್ ಆಫ್ರಿಕದಲ್ಲಿ ಬಲವಂತದ ದುಡಿಮೆ 1946ರ ಏಪ್ರಿಲ್‌ನಲ್ಲಿ ಊಫುವೆ-ಬ್ವಾನ್ಯಿ ಅವರ ಪ್ರಯತ್ನದಿಂದ ಕಾನೂನಿನ ಮೂಲಕ ರದ್ದಾಯಿತು. ಅಂದರೆ ಧ್ವಜ ಬದಲಾಗುವುದಕ್ಕೆ ಹದಿನಾಲ್ಕು ವರ್ಷ ಮೊದಲೇ ಅಲ್ಲಿನ ರೈತನಿಗೆ ಒಂದು ಕಂತು ಸಂದಿತ್ತು.

ಹೈದರಾಬಾದಿನ ರಾಜಕೀಯ ಘಟನಾವಳಿ ಸುಪರಿಚಿತವಾದುದರಿಂದ ಇಲ್ಲಿ ಸಂಗ್ರಹವಾಗಿ ಹೇಳಿದರೆ ಸಾಕು. 1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ರೂಪುಗೊಳ್ಳುತ್ತಿದ್ದಂತೆಯೇ ನಿಷೇಧಕ್ಕೊಳಗಾಯಿತು. 1947ರ ಜೂನ್‌ನಲ್ಲಿ ನಿಜಾಮ ತಾನು ಎರಡೂ ರಾಷ್ಟ್ರಗಳಿಗೆ ಸೇರುವುದಿಲ್ಲವೆಂದು ಘೋಷಿಸಿದನು. ಸ್ವಾಮಿ ರಾಮಾನಂದ ತೀರ್ಥರ ನಾಯಕತ್ವದಲ್ಲಿ ಅದೇ ಆಗಸ್ಟ್ 7ರಂದು ‘ಭಾರತ ಒಕ್ಕೂಟಕ್ಕೆ ಸೇರಿ’ ಚಳವಳಿ ಆರಂಭವಾಯಿತು. ನವೆಂಬರ್ 29ರಂದು ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಬಿದ್ದಿತು. ರಜಾಕಾರರ ಹಾವಳಿ ಹೆಚ್ಚಿದಂತೆ ಕನ್ನಡ ಭಾಗದ ಹೋರಾಟಗಾರರು ಗಡಿಯಾಚೆ ಮುಂಬಯಿ ಮತ್ತು ಮದರಾಸು ಪ್ರಾಂತಗಳಲ್ಲಿ ಶಿಬಿರಗಳನ್ನು ಸ್ಥಾಪಿಸಿದರು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ, ಪುಂಡಲೀಕಪ್ಪ ಜ್ಞಾನಮೋಠೆಯವರ ಗಜೇಂದ್ರಗಡ ಶಿಬಿರ ರಾಯಚೂರು ಜಿಲ್ಲೆಯ ಹಳ್ಳಿಗಳಿಗೆ ಹತ್ತಿರದವಾಗಿದ್ದವು. ಸ್ವತಂತ್ರಗೊಂಡ ನೆರೆನಾಡಿನಲ್ಲಿ ನೆಲೆಯೂರಿ ಇನ್ನೂ ಬಿಡುಗಡೆಯಾಗದ ತಮ್ಮ ನಾಡಿಗೆ ನುಗ್ಗುವ ಈ ತಂತ್ರ ಮುಂದಿನ ಎರಡು ದಶಕಗಳಲ್ಲಿ ಆಫ್ರಿಕದ ವಿಮೋಚನಾ ಸಮರಗಳಲ್ಲಿ ಪುನಃ ಪುನಃ ಕಾಣಸಿಗುತ್ತದೆ. ಅಲ್ಜೀರಿಯದ ಹೋರಾಟಗಾರರಿಗೆ ಮೊರಾಕೊದ ಊಜ್ದಾ ಮತ್ತು ಟುನೀಶಿಯ, ಮೊಜಾಂಬಿಕ್‌ನ ಫ್ರೆಲಿಮೊಗೆ ಟಾಂಜಾನಿಯದ ನಚಿಂಗ್ವೆಯ ಇದ್ದಂತೆ ರಾಯಚೂರಿನವರಿಗೆ ಮುಂಡರಗಿ, ಗಜೇಂದ್ರಗಡಗಳಿದ್ದವು. ಪ್ರಮಾಣ ಬೇರೆ, ಶಸ್ತ್ರಬಲ ಬೇರೆ. ಭೂಗೋಳದ ತರ್ಕ ಒಂದೇ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಗಡಿ ದಾಟಿತು. 17ರಂದು ನಿಜಾಮನ ಸೈನ್ಯ ಶರಣಾಯಿತು. ಈ ವಿಮೋಚನೆಯ ಬೆನ್ನಿಗೇ ನಡೆದ ಇನ್ನೊಂದು ಸಂಗತಿ ಸಂಸ್ಮರಣ ಗ್ರಂಥಗಳಲ್ಲಿ ಬಹುಕಾಲ ಮೌನದಲ್ಲಿಯೇ ಉಳಿಯಿತು. ಸೆಪ್ಟೆಂಬರ್ ನಂತರದ ವಾರಗಳಲ್ಲಿ ಉಸ್ಮಾನಾಬಾದ್, ಬೀದರ್, ಗುಲ್ಬರ್ಗಾ, ನಾಂದೇಡ್ ಜಿಲ್ಲೆಗಳಲ್ಲಿ ಮುಸಲ್ಮಾನರ ಮೇಲೆ ನಡೆದ ಹಿಂಸಾಚಾರವನ್ನು ಪರಿಶೀಲಿಸಲು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನದಲ್ಲಿ ಸಂಚರಿಸಿತು. ಮೃತರ ಸಂಖ್ಯೆ 27,000ದಿಂದ 40,000 ಎಂದು ಅದು ಅಂದಾಜಿಸಿತು. ವರದಿ ದಶಕಗಳ ಕಾಲ ಪ್ರಕಟವಾಗಲಿಲ್ಲ. ರಜಾಕಾರರ ಕ್ರೌರ್ಯದಷ್ಟೇ ಇದೂ ಈ ಪ್ರದೇಶದ ಇತಿಹಾಸದ ಭಾಗ. ಆಫ್ರಿಕದಲ್ಲಿ ಇದಕ್ಕೆ ಸಮೀಪದ ಪ್ರಸಂಗ ಜಾಂಜಿಬಾರಿನದು. 1963ರ ಡಿಸೆಂಬರ್ 10ರಂದು ಸುಲ್ತಾನನ ಅಡಿಯಲ್ಲಿಯೇ ಸ್ವತಂತ್ರವಾದ ಆ ದ್ವೀಪದಲ್ಲಿ ಒಂದು ತಿಂಗಳು ತುಂಬಿದ ಕೆಲವೇ ದಿನಗಳಲ್ಲಿ, 1964ರ ಜನವರಿ 12ರಂದು ಕ್ರಾಂತಿಯಾಗಿ, ಅರಬ್ಬರು ದೊಡ್ಡ ಸಂಖ್ಯೆಯಲ್ಲಿ ಹತರಾದರು. ಅದೇ ಏಪ್ರಿಲ್ 26ರಂದು ದ್ವೀಪ ಟಾಂಗನೀಕದೊಡನೆ ಒಂದಾಯಿತು. ದಕ್ಷಿಣ ಅರೇಬಿಯದ ಹಜ್ರಮೌತ್‌ನಿಂದ ವಲಸೆ ಬಂದ ಅರಬ್ಬರು ಹೈದರಾಬಾದಿನಲ್ಲಿ ಸೈನಿಕರಾಗಿಯೂ ಜಾಂಜಿಬಾರಿನಲ್ಲಿ ವರ್ತಕರು, ದುಡಿಮೆಗಾರರಾಗಿಯೂ ನೆಲಸಿದ್ದರು. ಎರಡೂ ಕಡೆ ಅರಸು ಉರುಳಿದಾಗ, ಅರಸನ ಮತ ಅಥವಾ ಕುಲಕ್ಕೆ ಸೇರಿದ ಬಡವರೂ ಅರಸನ ಲೆಕ್ಕವನ್ನು ತೀರಿಸಬೇಕಾಯಿತು.

ಗುರುಗುಂಟೆಯ ಮಟ್ಟಿಗೆ ನಿರ್ಣಾಯಕವಾದ ದಿನ 1949ರ ಆಗಸ್ಟ್ 15. ಅಂದು ಹೈದರಾಬಾದ್ ಜಾಗೀರು ರದ್ದಿಯಾತಿ ರೆಗ್ಯುಲೇಷನ್ ಹೊರಬಿದ್ದಿತು. ಅದರ ವ್ಯಾಖ್ಯೆಯಲ್ಲಿ ‘ಜಾಗೀರು’ ಎಂದರೆ ಪಾಯಗಾ, ಮಕ್ತಾ, ಅಗ್ರಹಾರ, ಉಮ್ಲಿ, ಮುಕಾಸಾಗಳ ಜೊತೆಗೆ ‘ಸಂಸ್ಥಾನ’ವೂ ಸೇರಿತ್ತು. ಶತಮಾನಗಳ ನಾಯಕ ಅರಸುತನ ಕಾನೂನಿನ ದೃಷ್ಟಿಯಲ್ಲಿ ಕೊನೆಗೊಂಡದ್ದು ವ್ಯಾಖ್ಯೆಯೊಂದರೊಳಗಿನ ಒಂದು ಪದದಿಂದ. ಈ ರೆಗ್ಯುಲೇಷನ್ನಿನ ಸ್ವರೂಪವೇ ಒಂದು ಅಧ್ಯಯನಕ್ಕೆ ಯೋಗ್ಯವಾಗಿದೆ. ಅದನ್ನು ಹೊರಡಿಸಿದ್ದು ಚುನಾಯಿತ ಶಾಸನಸಭೆಯಲ್ಲ. ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ಮಿಲಿಟರಿ ಸರ್ಕಾರ. ಆ ಸರ್ಕಾರಕ್ಕೆ ಶಾಸನಾಧಿಕಾರ ದೊರೆತದ್ದು ನಿಜಾಮನ ಫರ್ಮಾನಿನಿಂದ. ಹೀಗೆ ನಿಜಾಮನ ಸಂಸ್ಥಾನಗಳನ್ನು ರದ್ದುಪಡಿಸಿದ್ದು ನಿಜಾಮನಿಂದಲೇ ಪಡೆದ ಅಧಿಕಾರ. ಅದರ ಸಂಖ್ಯೆಯೂ ಫಸಲಿ ಶಕೆಯ 1358ರಲ್ಲಿದೆ. ಹಳೆಯ ಕಾಲಗಣನೆಯೊಳಗೇ ಹೊಸ ಕಾಲ ಆರಂಭವಾಯಿತು. ನಿಜಾಮನ ಸ್ವಂತ ಆಸ್ತಿಯಾಗಿದ್ದ ಸರ್ಫ್-ಎ-ಖಾಸ್ ಪ್ರದೇಶವೂ ಅದೇ ವರ್ಷ ದಿವಾನಿಯಲ್ಲಿ ವಿಲೀನಗೊಂಡಿತ್ತು. ಜಾಗೀರುದಾರರಿಗೆ ಪರಿಹಾರವನ್ನು ಕಂತುಗಳಲ್ಲಿ ಕೊಡುವ ವ್ಯವಸ್ಥೆಯಾಯಿತು. 1950ರ ಗೇಣಿ ಮತ್ತು ಕೃಷಿಭೂಮಿ ಕಾಯಿದೆ ‘ರಕ್ಷಿತ ಗೇಣಿದಾರ’ ಎಂಬ ವರ್ಗವನ್ನು ಸೃಷ್ಟಿಸಿತು.

ಈ ಕ್ರಮಗಳಿಂದ ರೈತನಿಗೆ ಭೂಮಿ ಸಿಕ್ಕಿತೆಂದು ಹೇಳುವುದು ಅತಿಶಯೋಕ್ತಿಯಾದೀತು. ಸಂಸ್ಥಾನಿಕ ಮತ್ತು ಸರ್ಕಾರದ ನಡುವಿನ ಗೋಡೆ ಬಿದ್ದಿತು. ಸರ್ಕಾರ ಮತ್ತು ಉಳುವವನ ನಡುವಿನ ಗೋಡೆಗಳು ಇನ್ನೂ ನಿಂತಿದ್ದವು. ಮಾಲಿಪಾಟೀಲ, ಪೊಲೀಸ್ ಪಾಟೀಲ, ಕುಲಕರ್ಣಿಗಳ ವಂಶಪಾರಂಪರ್ಯ ಹುದ್ದೆಗಳು ಮುಂದುವರಿದವು. ಇವುಗಳನ್ನು ತೆಗೆದುಹಾಕಿದ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆ 1961ರಲ್ಲಿ ಅಂಗೀಕೃತವಾಗಿ 1963ರಲ್ಲಷ್ಟೇ ಜಾರಿಗೆ ಬಂದಿತು. ಗೇಣಿಯನ್ನು ತಳಮಟ್ಟದಲ್ಲಿ ಅಲುಗಾಡಿಸಿದ ತಿದ್ದುಪಡಿ ಬಂದದ್ದು 1974ರಲ್ಲಿ. ಅದೇ 1963ರಲ್ಲಿ ಜೂಲಿಯಸ್ ನೈರೇರೆಯವರ ಟಾಂಗನೀಕ ತನ್ನ ಪಾರಂಪರಿಕ ಮುಖಂಡರ ಅಧಿಕಾರವನ್ನು ಕಾನೂನಿನಿಂದ ರದ್ದುಪಡಿಸಿತು. ನೈರೇರೆ ಸ್ವತಃ ಜನಾಕಿ ಬುಡಕಟ್ಟಿನ ಮುಖಂಡರೊಬ್ಬರ ಮಗ. ಗಿನಿಯ ಕ್ರಮ ಇನ್ನೂ ವಿಶಿಷ್ಟ. ಸೆಕು ತೂರೆಯ ಪಕ್ಷ 1957ರ ಡಿಸೆಂಬರ್‌ನಲ್ಲಿ, ಸ್ವಾತಂತ್ರ್ಯಕ್ಕೆ ಒಂಬತ್ತು ತಿಂಗಳು ಮೊದಲೇ, ಮುಖಂಡ ಪದ್ಧತಿಯನ್ನು ಕಿತ್ತೊಗೆದಿತ್ತು. 1958ರ ಸೆಪ್ಟೆಂಬರ್ 28ರ ಜನಮತದಲ್ಲಿ ಫ್ರೆಂಚ್ ಆಫ್ರಿಕದ ಬೇರೆ ಯಾವ ವಸಾಹತೂ ಹೇಳದ ‘ಬೇಡ’ ಎಂಬ ಮಾತನ್ನು ಗಿನಿ ಹೇಳಲು ಸಾಧ್ಯವಾದದ್ದರ ಒಂದು ಕಾರಣ, ಫ್ರಾನ್ಸಿನ ಪರವಾಗಿ ಹಳ್ಳಿಗಳನ್ನು ಹಿಡಿದಿಡುವ ಮುಖಂಡರು ಆ ವೇಳೆಗೆ ಇಲ್ಲದಿದ್ದದ್ದು.

ಅನುಕ್ರಮ ತಿರುಗುಮುರುಗಾದರೆ ಏನಾಗುತ್ತದೆ ಎಂಬುದಕ್ಕೆ ಉಗಾಂಡ ಸಾಕ್ಷಿ. ಆ ವಸಾಹತಿನೊಳಗೆ ಬುಗಾಂಡ ಎಂಬ ಪ್ರಬಲ ಅರಸುನಾಡಿತ್ತು. 1900ರ ಒಪ್ಪಂದ ಅಲ್ಲಿನ ಅರಸ ಕಬಾಕನಿಗೂ ಮುಖಂಡರಿಗೂ ‘ಮೈಲೊ’ ಎಂಬ ಖಾಸಗಿ ಭೂಒಡೆತನವನ್ನು ನೀಡಿ ಒಂದು ಬಗೆಯ ಜಾಗೀರುದಾರ ವರ್ಗವನ್ನೇ ನಿರ್ಮಿಸಿತ್ತು. 1962ರ ಅಕ್ಟೋಬರ್ 9ರಂದು ಉಗಾಂಡ ಸ್ವತಂತ್ರವಾದಾಗ ಈ ವ್ಯವಸ್ಥೆ ಹಾಗೆಯೇ ಉಳಿದುಕೊಂಡಿತು. 1963ರಲ್ಲಿ ಕಬಾಕ ಎರಡನೆಯ ಮುಟೇಸ ದೇಶದ ಅಧ್ಯಕ್ಷನೂ ಆದನು. ನಿಜಾಮನ ಸ್ಥಿತಿಯೂ ಮೇಲ್ನೋಟಕ್ಕೆ ಇದೇ. 1950ರ ಜನವರಿ 26ರಿಂದ 1956ರವರೆಗೆ ಅವನು ಹೈದರಾಬಾದ್ ರಾಜ್ಯದ ರಾಜಪ್ರಮುಖನಾಗಿದ್ದನು. ಆದರೆ ಆ ಪೀಠ ಏರುವ ಮೊದಲೇ ಅವನ ಸೈನ್ಯ, ಸರ್ಫ್-ಎ-ಖಾಸ್, ಜಾಗೀರುದಾರ ಬಳಗ ಮೂರೂ ಹೋಗಿದ್ದವು. ಕಬಾಕನ ಬಳಿ ಭೂಮಿ, ಮುಖಂಡರು, ಸ್ವಂತ ಶಾಸನಸಭೆ ಎಲ್ಲವೂ ಉಳಿದಿದ್ದವು. ಪ್ರಧಾನಿ ಮಿಲ್ಟನ್ ಒಬೋಟೆಗೂ ಅವನಿಗೂ ನಡುವಿನ ಘರ್ಷಣೆ 1966ರ ಮೇ 24ರಂದು ಮೆಂಗೊ ಅರಮನೆಯ ಮೇಲಿನ ಸೈನಿಕ ದಾಳಿಯಲ್ಲಿ ಮುಗಿಯಿತು. ಆ ದಾಳಿಯ ನೇತೃತ್ವ ವಹಿಸಿದ್ದವನು ಇದಿ ಅಮೀನ್. 1967ರ ಸಂವಿಧಾನ ಅರಸುನಾಡುಗಳನ್ನು ರದ್ದುಪಡಿಸಿತು. 1971ರಲ್ಲಿ ಅಮೀನನೇ ಅಧಿಕಾರ ಕಸಿದನು. ಅರಸುನಾಡುಗಳು 1993ರಲ್ಲಿ ರಾಜಕೀಯ ಅಧಿಕಾರವಿಲ್ಲದೆ, ಸಾಂಸ್ಕೃತಿಕ ಸಂಸ್ಥೆಗಳಾಗಿ ಮರಳಿದವು. ಹೈದರಾಬಾದಿನಲ್ಲಿ ಅರಸುತನದ ಆಧಾರಗಳನ್ನು ಮೊದಲು ತೆಗೆದು ಆಮೇಲೆ ಅರಸನಿಗೆ ಗೌರವದ ಪದವಿ ಕೊಡಲಾಯಿತು. ಉಗಾಂಡದಲ್ಲಿ ಪದವಿಯೂ ಆಧಾರಗಳೂ ಒಟ್ಟಿಗೆ ಉಳಿದವು. ಆದರೆ ಹೈದರಾಬಾದಿನಲ್ಲಿ ಇದು ಸಾಧ್ಯವಾದದ್ದು ಸುತ್ತಲೂ ಇದ್ದ ಒಂದು ದೊಡ್ಡ ರಾಷ್ಟ್ರದ ಸೈನ್ಯದಿಂದ. ಆಫ್ರಿಕದ ನವರಾಷ್ಟ್ರಗಳಿಗೆ ಅಂತಹ ಆಸರೆ ಇರಲಿಲ್ಲ. ಇದನ್ನು ಮರೆತು ಭಾರತೀಯ ಪ್ರಯೋಗವನ್ನು ಹೊಗಳುವುದು ಅನ್ಯಾಯವಾಗುತ್ತದೆ.

ಗುರುಗುಂಟೆಯ ಸೋದರ ಸಂಸ್ಥಾನವಾದ ವನಪರ್ತಿಗೆ ಆಫ್ರಿಕದೊಂದಿಗೆ ನೇರವಾದ ನಂಟಿತ್ತು. ಹೈದರಾಬಾದ್ ನಗರದ ‘ಎ.ಸಿ. ಗಾರ್ಡ್ಸ್’ ಬಡಾವಣೆಗೆ ಆ ಹೆಸರು ಬಂದದ್ದು ನಿಜಾಮನ ಆಫ್ರಿಕನ್ ಅಶ್ವದಳದಿಂದ. ಆ ದಳದ ಮೂಲ ವನಪರ್ತಿ ರಾಜನ ಸಿದ್ದಿ ಕಾವಲುಪಡೆ. ಅದೇ ಮನೆತನದ ಕೊನೆಯ ಸಂಸ್ಥಾನಿಕ ಜೆ. ರಾಮೇಶ್ವರ ರಾವ್ ಸ್ವತಂತ್ರ ಭಾರತದ ವಿದೇಶಾಂಗ ಸೇವೆ ಸೇರಿ, 1950ರ ದಶಕದಲ್ಲಿ ಗೋಲ್ಡ್ ಕೋಸ್ಟಿನ ರಾಜಧಾನಿ ಅಕ್ರಾದಲ್ಲಿ ಭಾರತದ ಕಮಿಷನರ್ ಆಗಿದ್ದರು. ಕ್ವಾಮೆ ಎನ್‌ಕ್ರೂಮ ಆಗ ಜೈಲಿನಿಂದ ಹೊರಬಂದು ಪ್ರಧಾನಿಯಾಗಿದ್ದ ಕಾಲ; 1957ರ ಮಾರ್ಚ್ 6ರಂದು ಆ ವಸಾಹತು ಘಾನಾ ಎಂಬ ಹೆಸರಿನಲ್ಲಿ ಸ್ವತಂತ್ರವಾಗಲಿತ್ತು. ತನ್ನ ಸಂಸ್ಥಾನ ರದ್ದಾದುದನ್ನು ಕಂಡ ಅರಸನೊಬ್ಬ, ಅಶಾಂತಿಯ ಅರಸುಮುಖಂಡರ ಭವಿಷ್ಯದ ಬಗ್ಗೆ ಕಾದಾಟ ನಡೆದಿದ್ದ ನಾಡಿನಲ್ಲಿ ಗಣರಾಜ್ಯದ ಪ್ರತಿನಿಧಿಯಾಗಿ ನಿಂತದ್ದು ಈ ಕಥನದ ಒಂದು ಸ್ವಾರಸ್ಯ. ಘಾನಾ ತನ್ನ ಮುಖಂಡರನ್ನು ರದ್ದುಪಡಿಸಲಿಲ್ಲ; ಅವರ ಅಧಿಕಾರವನ್ನು ಮೊಟಕುಗೊಳಿಸಿ ಮುಖಂಡರ ಸಭೆಗಳಲ್ಲಿ ಕೂರಿಸಿತು.

ಆಫ್ರಿಕ ಮತ್ತು ಹೈದರಾಬಾದುಗಳ ದಾರಿ ಸಂಪೂರ್ಣವಾಗಿ ಕವಲೊಡೆದದ್ದು ಗಡಿಯ ವಿಷಯದಲ್ಲಿ. 1963ರಲ್ಲಿ ಆಡಿಸ್ ಅಬಾಬದಲ್ಲಿ ಸ್ಥಾಪನೆಯಾದ ಆಫ್ರಿಕನ್ ಏಕತಾ ಸಂಸ್ಥೆ 1964ರ ಜುಲೈನಲ್ಲಿ ಕೈರೊದಲ್ಲಿ ಸೇರಿ, ಸ್ವಾತಂತ್ರ್ಯದ ಹೊತ್ತಿಗೆ ಇದ್ದ ಗಡಿಗಳನ್ನೇ ಗೌರವಿಸಬೇಕೆಂದು ನಿರ್ಣಯಿಸಿತು. ಸೊಮಾಲಿಯ ಮತ್ತು ಮೊರಾಕೊ ಇದನ್ನು ಒಪ್ಪಲಿಲ್ಲ. ಯುರೋಪಿನ ಮೇಜಿನ ಮೇಲೆ ಎಳೆದ ಗೆರೆಗಳು ಅಸಂಗತವೆಂದು ಎಲ್ಲರಿಗೂ ತಿಳಿದಿತ್ತು. ಅವುಗಳನ್ನು ಮುಟ್ಟಿದರೆ ಯುದ್ಧ ನಿಲ್ಲದು ಎಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಹೈದರಾಬಾದಿನಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ತೆಲುಗು, ಮರಾಠಿ, ಕನ್ನಡ ಮೂರು ನುಡಿಗಳ ಆ ನಾಡನ್ನು 1956ರ ನವೆಂಬರ್ 1ರಂದು ನುಡಿಯ ಗೆರೆಯಲ್ಲಿ ಸೀಳಲಾಯಿತು. ರಾಯಚೂರು ಜಿಲ್ಲೆಯಿಂದ ಆಲಂಪುರ ಮತ್ತು ಗದ್ವಾಲ ತಾಲೂಕುಗಳನ್ನು ಬಿಟ್ಟು, ಗುಲ್ಬರ್ಗಾ ಜಿಲ್ಲೆಯಿಂದ ಕೊಡಂಗಲ್ ಮತ್ತು ತಾಂಡೂರು ತಾಲೂಕುಗಳನ್ನು ಬಿಟ್ಟು, ಉಳಿದುದನ್ನು ಮೈಸೂರು ರಾಜ್ಯಕ್ಕೆ ಸೇರಿಸಲಾಯಿತು. ಒಂದೇ ಜಿಲ್ಲೆಯಲ್ಲಿದ್ದ, ಒಂದೇ ರೆಗ್ಯುಲೇಷನ್ನಿನಿಂದ ರದ್ದಾದ ಎರಡು ಸಂಸ್ಥಾನಗಳಲ್ಲಿ ಗದ್ವಾಲ ಆಂಧ್ರಪ್ರದೇಶಕ್ಕೂ ಗುರುಗುಂಟಾ ಮೈಸೂರಿಗೂ ಹೋದವು. ನಿಜಾಮನ ಕಾಲದ ಯಾವ ನಕ್ಷೆಯಲ್ಲಿಯೂ ಇವೆರಡರ ನಡುವೆ ರಾಜ್ಯದ ಗಡಿ ಇರಲಿಲ್ಲ.

ಈ ಹೋಲಿಕೆಯನ್ನು ಎಚ್ಚರಿಕೆಯಿಂದ ಬಳಸಬೇಕು. 1956ರಲ್ಲಿ ಬದಲಾದದ್ದು ಒಕ್ಕೂಟದೊಳಗಿನ ಗಡಿ; ಕೈರೊದಲ್ಲಿ ಚರ್ಚೆಯಾದದ್ದು ಸಾರ್ವಭೌಮ ರಾಷ್ಟ್ರಗಳ ಗಡಿ. ಸರಿಯಾದ ಹೋಲಿಕೆ ಆಫ್ರಿಕದ ರಾಷ್ಟ್ರಗಳ ಒಳಗಡಿಗಳೊಂದಿಗೆ ಆಗಬೇಕು. ಅಲ್ಲಿ ಎರಡು ಪ್ರಸಂಗಗಳು ನೆರವಾಗುತ್ತವೆ. ಉಗಾಂಡದಲ್ಲಿ ಆಂಗ್ಲರು ಬುನ್ಯೊರೊದಿಂದ ಕಿತ್ತು ಬುಗಾಂಡಕ್ಕೆ ಕೊಟ್ಟಿದ್ದ ‘ಕಳೆದುಹೋದ ಪರಗಣೆ’ಗಳಲ್ಲಿ ಎರಡು, 1964ರ ನವೆಂಬರ್‌ನ ಜನಮತದಲ್ಲಿ ಬುನ್ಯೊರೊಗೆ ಮರಳಲು ನಿರ್ಧರಿಸಿದವು. ನೈಜೀರಿಯ ತನ್ನ ವಸಾಹತು ಕಾಲದ ಮೂರು ಬೃಹತ್ ಪ್ರಾಂತಗಳನ್ನೇ ಇಟ್ಟುಕೊಂಡು 1960ರಲ್ಲಿ ಸ್ವತಂತ್ರವಾಯಿತು. 1963ರಲ್ಲಿ ನಾಲ್ಕನೆಯದೊಂದು ಸೇರಿದರೂ ಹಳೆಯ ಸಮತೋಲ ಬದಲಾಗಲಿಲ್ಲ. ಹನ್ನೆರಡು ರಾಜ್ಯಗಳ ಪುನರ್ವಿಂಗಡಣೆ ಘೋಷಣೆಯಾದದ್ದು 1967ರ ಮೇ 27ರಂದು. ಮೂರು ದಿನಗಳಲ್ಲಿ ಬಯಾಫ್ರ ಪ್ರತ್ಯೇಕ ರಾಷ್ಟ್ರವೆಂದು ಸಾರಿಕೊಂಡಿತು. ಯುದ್ಧ 1970ರ ಜನವರಿಯವರೆಗೆ ನಡೆಯಿತು. ಫಜಲ್ ಅಲಿ ಆಯೋಗ ಎರಡು ವರ್ಷ ಅಹವಾಲು ಕೇಳಿ 1955ರಲ್ಲಿ ವರದಿ ಕೊಟ್ಟು ಮಾಡಿದ ಕೆಲಸವನ್ನು ನೈಜೀರಿಯ ಯುದ್ಧದ ಹೊಸ್ತಿಲಲ್ಲಿ ಮಾಡಿತು. ಆ ಬಳಿಕ ಅಲ್ಲಿ ರಾಜ್ಯಗಳ ಸಂಖ್ಯೆ ಏರುತ್ತ 1996ರಲ್ಲಿ 36 ಆಯಿತು.

ಕನ್ನಡಕ್ಕೆ ಈ ಪುನರ್ವಿಂಗಡಣೆ ಏಕೆ ಅನಿವಾರ್ಯವಾಗಿತ್ತು ಎಂಬುದು ನಿಜಾಮನ ಭಾಷಾನೀತಿಯಿಂದ ತಿಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಪಾರ್ಸಿಯ ಸ್ಥಾನಕ್ಕೆ ಉರ್ದು ಬಂದಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯ ವಿಶ್ವವಿದ್ಯಾನಿಲಯ ಉರ್ದುವನ್ನು ಉನ್ನತ ಶಿಕ್ಷಣದ ಮಾಧ್ಯಮವಾಗಿಸಿತು. ಭಾರತೀಯ ಭಾಷೆಯೊಂದರಲ್ಲಿ ಆಧುನಿಕ ವಿಜ್ಞಾನವನ್ನು ಬೋಧಿಸಿದ ಆ ಸಾಧನೆ ಅಲ್ಪವಲ್ಲ. ಆದರೆ ರಾಯಚೂರಿನ ಕನ್ನಡಿಗನಿಗೆ ಅದು ಇಂಗ್ಲಿಷಿನಷ್ಟೇ ದೂರದ ಭಾಷೆಯಾಗಿತ್ತು. ಪಂಡಿತ ತಾರಾನಾಥರು ರಾಯಚೂರಿನಲ್ಲಿ ನಡೆಸಿದ ಹಮ್‌ದರ್ದ್ ಶಾಲೆ, 1928ರ ಗುಲ್ಬರ್ಗಾ ಮತ್ತು 1934ರ ರಾಯಚೂರು ಸಾಹಿತ್ಯ ಸಮ್ಮೇಳನಗಳು ಕನ್ನಡದ ಜೀವವನ್ನು ಹಿಡಿದಿಟ್ಟವು. ರಾಜಕೀಯ ಸಭೆಗೆ ಅನುಮತಿ ದೊರೆಯದ ನಾಡಿನಲ್ಲಿ ಸಾಹಿತ್ಯ ಸಭೆಯೇ ರಾಜಕೀಯದ ಪೂರ್ವಸಿದ್ಧತೆಯಾಯಿತು. ಟಾಂಜಾನಿಯ ಸ್ವಾಹಿಲಿಯನ್ನು ರಾಷ್ಟ್ರಭಾಷೆಯಾಗಿಸಿ ನೂರಕ್ಕೂ ಹೆಚ್ಚು ನುಡಿಗಳ ಜನರನ್ನು ಬೆಸೆಯಿತು. ಆಫ್ರಿಕದ ಇತರ ಬಹುತೇಕ ರಾಷ್ಟ್ರಗಳು ಆಳಿದವರ ಭಾಷೆಯನ್ನೇ ಉಳಿಸಿಕೊಂಡವು. ಮೈಸೂರು ರಾಜ್ಯದಲ್ಲಿ ಕನ್ನಡ ಅಧಿಕೃತ ಭಾಷೆಯಾದದ್ದು 1963ರ ಕಾಯಿದೆಯಿಂದ. ಆದರೂ ಲಿಂಗಸುಗೂರು ತಾಲೂಕಿನ ರೈತನ ಬಾಯಲ್ಲಿ ಪಹಣಿ, ಜಮಾಬಂದಿ, ಗಿರ್ದಾವರ, ಪೇಶ್ಕಾರ, ತಕರಾರು, ಅರ್ಜಿಗಳು ಇಂದಿಗೂ ಉಳಿದಿವೆ. ಹಳೆಯ ಜಮೀನು ವ್ಯಾಜ್ಯಗಳಿಗಾಗಿ ಉರ್ದು ದಾಖಲೆಗಳನ್ನು ಓದಬಲ್ಲವರನ್ನು ಹುಡುಕುವ ಅಗತ್ಯ 1956ರೊಂದಿಗೆ ಮುಗಿಯಲಿಲ್ಲ. ಅರಸು ಹೋದರೂ ದಫ್ತರ ಹೋಗಲಿಲ್ಲ.

ಆರ್ಥಿಕ ರಾಷ್ಟ್ರನಿರ್ಮಾಣದ ಮಾತು ಬಂದಾಗ ಗುರುಗುಂಟೆಯ ನೆರೆಯ ಹಟ್ಟಿಯನ್ನು ಬಿಡುವಂತಿಲ್ಲ. 1886ರಲ್ಲಿ ಹೈದರಾಬಾದ್ ಸರ್ಕಾರದಿಂದ ಗಣಿ ಹಕ್ಕು ಪಡೆದ ಲಂಡನ್ನಿನ ಹೈದರಾಬಾದ್ (ದಖ್ಖನ್) ಕಂಪನಿಯ ಷೇರು ವ್ಯವಹಾರ ಎಷ್ಟು ಹಗರಣವಾಯಿತೆಂದರೆ, 1888ರಲ್ಲಿ ಬ್ರಿಟಿಷ್ ಸಂಸತ್ತೇ ವಿಚಾರಣಾ ಸಮಿತಿ ನೇಮಿಸಬೇಕಾಯಿತು. ಆ ಕಂಪನಿ ಹಟ್ಟಿಯಲ್ಲಿ ಕೆಲಕಾಲ ಚಿನ್ನ ತೆಗೆದು ನಿಲ್ಲಿಸಿತು. ಮಸ್ಕಿಯ ಅಶೋಕ ಶಾಸನವನ್ನು 1915ರಲ್ಲಿ ಗುರುತಿಸಿದವನೂ ಚಿನ್ನ ಹುಡುಕುತ್ತಿದ್ದ ಗಣಿ ಎಂಜಿನಿಯರ್ ಬೀಡನ್ ಎಂಬುದು ಸ್ಮರಣೀಯ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಪುನರಾರಂಭವಾದ ಗಣಿ, 1956ರ ನಂತರ ಮೈಸೂರು ರಾಜ್ಯದ ಉದ್ಯಮವಾಗಿ ಹಟ್ಟಿಯ ಹೆಸರನ್ನೇ ಪಡೆಯಿತು. ಘಾನಾದ ಒಬುವಾಸಿಯ ಗಣಿ 1897ರಿಂದ ಲಂಡನ್ನಿನ ಅಶಾಂತಿ ಗೋಲ್ಡ್‌ಫೀಲ್ಡ್ಸ್ ಕಂಪನಿಯ ಕೈಯಲ್ಲಿತ್ತು. ಸ್ವಾತಂತ್ರ್ಯ ಬಂದು ಹದಿನೈದು ವರ್ಷಗಳಾದ ಮೇಲೆ, 1972ರಲ್ಲಿ, ಸರ್ಕಾರ ಅದರ ಬಹುಪಾಲು ಷೇರುಗಳನ್ನು ವಶಪಡಿಸಿಕೊಂಡಿತು. ಅಣೆಕಟ್ಟುಗಳ ಕಥೆಯೂ ಹೀಗೆಯೇ. ಹೈದರಾಬಾದ್ ಮತ್ತು ಮದರಾಸು ಸರ್ಕಾರಗಳು 1945ರಲ್ಲಿ ಆರಂಭಿಸಿದ ತುಂಗಭದ್ರಾ ಯೋಜನೆಯ ನೀರು 1953ರಲ್ಲಿ ಹರಿಯಿತು. ಸಿಂಧನೂರು ಸೀಮೆಯ ಜೋಳದ ಹೊಲಗಳು ಭತ್ತದ ಗದ್ದೆಗಳಾದವು. ಆಂಧ್ರದಿಂದ ಬಂದ ಒಕ್ಕಲುಗಳ ‘ಕ್ಯಾಂಪು’ಗಳು, ಮುಂದೆ ಪೂರ್ವ ಬಂಗಾಳದ ನಿರಾಶ್ರಿತರ ಆರ್.ಎಚ್. ಕ್ಯಾಂಪುಗಳು ಅಲ್ಲಿ ನೆಲೆಗೊಂಡವು. ಎನ್‌ಕ್ರೂಮ ತಮ್ಮ ಕನಸಿನ ಅಕೊಸೊಂಬೊ ಅಣೆಕಟ್ಟನ್ನು 1966ರ ಜನವರಿಯಲ್ಲಿ ಉದ್ಘಾಟಿಸಿದರು. ಫೆಬ್ರವರಿ 24ರಂದು ಪದಚ್ಯುತರಾದರು. ಇಲ್ಲಿ ಯೋಜನೆ ಹಾಕಿದ ಅರಸನೂ ಉಳಿಯಲಿಲ್ಲ, ನೀರು ಬಿಟ್ಟ ರಾಜ್ಯವೂ ಉಳಿಯಲಿಲ್ಲ, ಕಾಲುವೆ ಉಳಿಯಿತು.

‘ಬುಡಕಟ್ಟು’ ಎಂಬ ಪದದ ಗತಿಯೂ ಎರಡು ಖಂಡಗಳಲ್ಲಿ ಬೇರೆಯಾಯಿತು. ವಸಾಹತು ಆಡಳಿತ ಆಫ್ರಿಕದ ಜನರನ್ನು ಬುಡಕಟ್ಟುಗಳಾಗಿ ವಿಂಗಡಿಸಿತ್ತು. ಆದ್ದರಿಂದಲೇ ನವರಾಷ್ಟ್ರಗಳ ನಾಯಕರು ಆ ಪದವನ್ನೇ ರಾಷ್ಟ್ರದ ಶತ್ರುವೆಂದು ಭಾವಿಸಿದರು. ಭಾರತ ಅದನ್ನು ಸಂವಿಧಾನದತ್ತ ಹಕ್ಕಿನ ವರ್ಗವಾಗಿಸಿತು. 1857ರಲ್ಲಿ ಹಲಗಲಿಯಲ್ಲಿ, 1858ರಲ್ಲಿ ಸುರಪುರದಲ್ಲಿ ಶಸ್ತ್ರ ಹಿಡಿದ ಬೇಡ ನಾಯಕ ಸಮುದಾಯ 1991ರಲ್ಲಿ ಕರ್ನಾಟಕದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿತು. 2008ರ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಮಸ್ಕಿ, ಮಾನ್ವಿ, ದೇವದುರ್ಗ, ರಾಯಚೂರು ಗ್ರಾಮಾಂತರ ಕ್ಷೇತ್ರಗಳು ಆ ವರ್ಗಕ್ಕೆ ಮೀಸಲಾದವು. ಅರಸುತನ ಹೋದ ಅರವತ್ತು ವರ್ಷಗಳಲ್ಲಿ ಅದೇ ಸಮುದಾಯ ಅದೇ ನೆಲದಲ್ಲಿ ಮತದ ದಾರಿಯಿಂದ ಅಧಿಕಾರಕ್ಕೆ ಮರಳಿತು. ಅರಮನೆಯವರು ಮಾತ್ರವಲ್ಲ, ಅರಮನೆಗೆ ಬಿಟ್ಟಿ ದುಡಿದವರ ಮೊಮ್ಮಕ್ಕಳೂ ಈಗ ಅದರ ಹಕ್ಕುದಾರರು.

ಕೊನೆಯ ಕಂತು ಇನ್ನೂ ಬಾಕಿಯಿದೆ ಎಂಬ ಭಾವನೆ ಈ ಪ್ರದೇಶದಲ್ಲಿ ಪ್ರಬಲವಾಗಿದೆ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ 21 ಗುಲ್ಬರ್ಗಾ ವಿಭಾಗದಲ್ಲಿದ್ದವು. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ 371-ಜೆ ಅನುಚ್ಛೇದ ಸೇರಿ, ನೇಮಕಾತಿ ಮತ್ತು ಶಿಕ್ಷಣದಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆತದ್ದು 2012-13ರಲ್ಲಿ. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಎಂಬ ಹೆಸರು ಬಂದಿತು. ಗೋಲ್ಡ್ ಕೋಸ್ಟ್ ಘಾನಾ ಆದಂತೆ ಇಲ್ಲಿಯೂ ಹಳೆಯ ಕಾಲದ ಹಿರಿಮೆಯೊಂದನ್ನು ಹೊಸ ಹೆಸರಾಗಿ ಆರಿಸಿಕೊಳ್ಳಲಾಯಿತು.

ಗುರುಗುಂಟೆಯಲ್ಲಿ, ರಾಯಚೂರು ಜಿಲ್ಲೆಯ ಎಲ್ಲ ಊರುಗಳಲ್ಲಿರುವಂತೆ, ಆಗಸ್ಟ್ 15ರಂದು, ಸೆಪ್ಟೆಂಬರ್ 17ರಂದು, ನವೆಂಬರ್ 1ರಂದು ಧ್ವಜ ಏರುತ್ತದೆ. ಸಂಸ್ಥಾನವನ್ನು ಕೊನೆಗಾಣಿಸಿದ ರೆಗ್ಯುಲೇಷನ್ನಿನ ದಿನ ಸ್ವಾತಂತ್ರ್ಯ ದಿನಾಚರಣೆಯೊಳಗೇ ಸೇರಿಹೋಗಿದೆ. ಅದಕ್ಕೆ ಬೇರೆ ಧ್ವಜವಿಲ್ಲ.